ಬಟ್ಟೆಗೆ ಬಣ್ಣ ಬಂತು, ಈಗೇನು ಮಾಡಲಿ?

ಹಳೇ ಕಾರುಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಪೇಂಟ್ ಪ್ರಶ್ನೆಗಳೇ ಜಾಸ್ತಿ. ಎಂಜಿನ್ ಬಿಚ್ಚಿ ಜೋಡಿಸಿದವರು, ಸೀಟು ಹೊಲಿಸಿದವರು ಕೂಡ ಪೇಂಟಿನ ಮುಂದೆ ಬಂದು ಕೈಕಟ್ಟಿ ನಿಂತುಬಿಟ್ಟಿದ್ದಾರೆ. ಅದಕ್ಕೆ ಈ ಸಂಚಿಕೆಯ ಅಂಕಣ ಪೂರ್ತಿ ಒಂದೇ ವಿಷಯಕ್ಕೆ: ಕ್ಲಿಯರ್ ಕೋಟ್ ಇಲ್ಲದ ಸಿಂಗಲ್ ಸ್ಟೇಜ್ ಪೇಂಟ್, ಮತ್ತು ಅದಕ್ಕೆ ಪಾಲಿಶ್ ಮಾಡುವುದು ಹೇಗೆ. ನನಗೆ ಬಹಳ ಇಷ್ಟವಾದ ವಿಷಯ ಇದು, ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ. ಮೊದಲು ಓದುಗರ ಪತ್ರ, ಅದರ ಕೆಳಗೆ ನನ್ನ ಉತ್ತರ.

ಅಪ್ಪನ 1968ರ ಕಾರು, ಕಡು ನೀಲಿ ಬಣ್ಣ. ಮೊದಲ ಸಲ ಪಾಲಿಶ್ ಮಾಡೋಣ ಅಂತ ಕೂತೆ. ಎರಡು ಸಲ ಉಜ್ಜುವಷ್ಟರಲ್ಲಿ ಬಿಳಿ ಬಟ್ಟೆ ಪೂರ್ತಿ ನೀಲಿ ಆಯಿತು. ಗಾಬರಿಯಾಗಿ ನಿಲ್ಲಿಸಿದ್ದೇನೆ ಸರ್. ಪೇಂಟ್ ಕಿತ್ತು ಬರುತ್ತಿದೆಯಾ? ಹಾಳು ಮಾಡಿಬಿಟ್ಟೆನಾ?

ಏನೂ ಹಾಳಾಗಿಲ್ಲ. ಆದರೂ ನಿಲ್ಲಿಸಿ ಕೇಳಿದ್ದು ಒಳ್ಳೆಯದಾಯಿತು.

ಈಗಿನ ಕಾರುಗಳಲ್ಲಿ ಕೆಳಗೆ ಬಣ್ಣದ ಪದರ, ಅದರ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಪದರ ಇರುತ್ತದೆ. ಅದೇ ಕ್ಲಿಯರ್ ಕೋಟ್. ಪಾಲಿಶ್ ಮಾಡುವಾಗ ನಾವು ಮುಟ್ಟುವುದು ಆ ಮೇಲಿನ ಪದರವನ್ನು ಮಾತ್ರ, ಅದಕ್ಕೇ ಬಟ್ಟೆಗೆ ಬಣ್ಣ ಬರುವುದಿಲ್ಲ. ಈ ಪದ್ಧತಿ ಎಲ್ಲ ಕಡೆ ಹರಡಿದ್ದು 1970ರ ದಶಕದ ಕೊನೆ ಮತ್ತು 1980ರ ದಶಕದಲ್ಲಿ. ಅದಕ್ಕಿಂತ ಮೊದಲು ಬಣ್ಣ, ಅದನ್ನು ಹಿಡಿದಿಡುವ ರಾಳ, ಹೊಳಪು ಎಲ್ಲವೂ ಒಂದೇ ಪದರದಲ್ಲಿ ಇರುತ್ತಿದ್ದವು. ಎಲ್ಲಿ ಉಜ್ಜಿದರೂ ಬಣ್ಣವನ್ನೇ ಉಜ್ಜಿದ ಹಾಗೆ. ನಿಮ್ಮ ಬಟ್ಟೆ ನೀಲಿ ಆಯಿತು ಅಂದರೆ ಕಾರಿಗೆ ಸಿಂಗಲ್ ಸ್ಟೇಜ್ ಪೇಂಟ್ ಇದೆ ಎಂದು ಗೊತ್ತಾಯಿತು, ಅಷ್ಟೇ.

ಈಗ ಮುಖ್ಯವಾದ ಮಾತು. ಬಟ್ಟೆಗೆ ಬರುವ ಬಣ್ಣದಲ್ಲಿ ಎರಡು ಥರ ಇದೆ. ಬಿಸಿಲಿಗೆ ಮೇಲ್ಮೈಯ ರಾಳ ಸತ್ತುಹೋಗಿ, ಹಿಡಿತ ತಪ್ಪಿದ ಬಣ್ಣದ ಪುಡಿ ಸುಮ್ನೆ ಮೇಲೆ ಕೂತಿರುತ್ತದೆ. ಅದು ಸತ್ತ ಪೇಂಟ್, ಹೋದರೆ ಬೇಸರ ಬೇಡ. ಅದರ ಕೆಳಗೆ ಇರುವುದು ಜೀವ ಇರುವ ಪೇಂಟ್, ಅದು ಹೋದರೆ ವಾಪಸ್ ಬರುವುದಿಲ್ಲ. ಮೊದಲ ಬಟ್ಟೆಯಲ್ಲಿ ಬಣ್ಣ ದಟ್ಟವಾಗಿ, ಮಣ್ಣಿನ ಹಾಗೆ ಒಣಒಣವಾಗಿ ಬರುತ್ತದೆ. ಎರಡನೇ, ಮೂರನೇ ಬಟ್ಟೆಗೆ ಅದು ತಿಳಿಯಾಗಬೇಕು. ಪೂರ್ತಿ ನಿಲ್ಲುವುದಿಲ್ಲ, ಉಜ್ಜುವ ಕಣ ಇರುವ ಪಾಲಿಶ್ ಹಾಕಿದರೆ ಸ್ವಲ್ಪವಾದರೂ ಬಂದೇ ಬರುತ್ತದೆ. ಆದರೆ ಕಾರು ಹೊಳೆಯಲು ಶುರುವಾದ ಮೇಲೂ ಬಟ್ಟೆ ಮೊದಲಿನಷ್ಟೇ ದಟ್ಟವಾಗಿ ನೀಲಿಯಾಗುತ್ತಿದೆ ಅಂದರೆ ನೀವು ಒಳ್ಳೆಯ ಪೇಂಟನ್ನೇ ಕೆರೆಯುತ್ತಿದ್ದೀರಿ. ಅಲ್ಲಿಗೆ ನಿಲ್ಲಿಸಬೇಕು. ನಾನು ಪಾಲಿಶ್ ಮಾಡುವಾಗ ಕಾರಿಗಿಂತ ಜಾಸ್ತಿ ಬಟ್ಟೆಯನ್ನೇ ನೋಡುತ್ತೇನೆ.

ಪರೀಕ್ಷೆ ಮಾಡುವಾಗ ಎರಡು ಎಚ್ಚರ. ಬಿಳಿ ಕಾರಿಗೆ ಬಿಳಿ ಬಟ್ಟೆ ಹಿಡಿದರೆ ಏನೂ ಕಾಣುವುದಿಲ್ಲ, ಕಪ್ಪು ಬಟ್ಟೆ ತೆಗೆದುಕೊಳ್ಳಿ. ಇನ್ನೊಂದು, ಬಾನೆಟ್ ಒಂದನ್ನು ನೋಡಿ ಇಡೀ ಕಾರು ಹೀಗೇ ಎಂದುಕೊಳ್ಳಬೇಡಿ. ಯಾವಾಗಲೋ ಗುದ್ದಿಸಿಕೊಂಡ ಒಂದು ಬಾಗಿಲಿಗೆ ಆಮೇಲೆ ಕ್ಲಿಯರ್ ಕೋಟ್ ಹಾಕಿ ಪೇಂಟ್ ಮಾಡಿಸಿರಬಹುದು. ಪ್ರತಿ ಭಾಗವನ್ನೂ ಬೇರೆಬೇರೆಯಾಗಿ ನೋಡಿ.

ನಿಮ್ಮದು ಯಾವ ಜಾತಿಯ ಪೇಂಟ್ ಅನ್ನುವುದೂ ತಿಳಿದಿದ್ದರೆ ಒಳ್ಳೆಯದು. 1920ರ ದಶಕದವರೆಗೆ ಕಾರುಗಳಿಗೆ ಬ್ರಷ್‌ನಲ್ಲಿ ವಾರ್ನಿಶ್ ಪದರಗಳನ್ನು ಹಚ್ಚಿ, ಒಣಗಲು ವಾರಗಟ್ಟಲೆ ಕಾಯುತ್ತಿದ್ದರು. 1914ರಿಂದ 1925ರವರೆಗೆ ಫೋರ್ಡ್ ಮಾಡೆಲ್ ಟಿ ಬರೀ ಕಪ್ಪು ಬಣ್ಣದಲ್ಲಿ ಬಂದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆಮೇಲೆ ಡ್ಯುಪಾಂಟ್ ಕಂಪನಿಯ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ (ದ್ರಾವಕ ಆರಿದರೆ ಸಾಕು, ಒಣಗುವ ಪೇಂಟ್) ಬಂತು. ಜನರಲ್ ಮೋಟಾರ್ಸ್ ಅದನ್ನು 1924ರ ಓಕ್‌ಲ್ಯಾಂಡ್ ಕಾರುಗಳಿಗೆ ಹಾಕಿತು, ಬೇಗ ಒಣಗುವ ಬಣ್ಣಬಣ್ಣದ ಕಾರುಗಳು ರಸ್ತೆಗೆ ಇಳಿದವು. 1930ರ ದಶಕದಲ್ಲಿ ಎನಾಮೆಲ್, 1950ರ ದಶಕದ ಕೊನೆಗೆ ಅಕ್ರಿಲಿಕ್ ಲ್ಯಾಕರ್, 1960ರ ದಶಕದಲ್ಲಿ ಅಕ್ರಿಲಿಕ್ ಎನಾಮೆಲ್, ಅದಾದ ಮೇಲೆ ಹಾರ್ಡ್‌ನರ್ ಎಂಬ ಗಟ್ಟಿ ಮಾಡುವ ದ್ರವ ಬೆರೆಸಿ ಹೊಡೆಯುವ ಯೂರಿಥೇನ್. ಲ್ಯಾಕರ್ ಹೌದೋ ಅಲ್ಲವೋ ನೋಡಲು ಡಿಕ್ಕಿಯ ಒಳಗೆ, ಯಾರಿಗೂ ಕಾಣದ ಮೂಲೆಯಲ್ಲಿ, ಕಿವಿಗೆ ಹಾಕುವ ಹತ್ತಿಕಡ್ಡಿಯ ತುದಿಗೆ ಲ್ಯಾಕರ್ ಥಿನ್ನರ್ ತಾಗಿಸಿ ಒಂದು ಸಲ ಮುಟ್ಟಿ. ಲ್ಯಾಕರ್ ಆದರೆ ತಕ್ಷಣ ಕರಗಿ ಬರುತ್ತದೆ. ಹಾರ್ಡ್‌ನರ್ ಹಾಕಿದ ಪೇಂಟ್ ಅಲ್ಲಾಡುವುದಿಲ್ಲ. ಬಾನೆಟ್ ಮೇಲೆ ಈ ಪ್ರಯೋಗ ಮಾತ್ರ ಬೇಡ, ದಯವಿಟ್ಟು.

1972ರ ಕೆಂಪು ಕಾರು. ಬಾನೆಟ್ ಮತ್ತು ಟಾಪ್ ಗುಲಾಬಿಗೆ ತಿರುಗಿವೆ. ಕೈ ಆಡಿಸಿದರೆ ಸುಣ್ಣದ ಗೋಡೆ ಸವರಿದ ಹಾಗೆ ಪುಡಿ ಬರುತ್ತದೆ. ಬಾಗಿಲು ತೆಗೆದರೆ ಒಳಗಿನ ಅಂಚಿನಲ್ಲಿ ಮಾತ್ರ ಇನ್ನೂ ಕೆಂಪಗಿದೆ. ರಬ್ಬಿಂಗ್ ಕಾಂಪೌಂಡ್ (ದಪ್ಪ ಕಣದ ಪಾಲಿಶ್) ಹಾಕಿ ಮಷಿನ್‌ನಲ್ಲಿ ಒಂದೇ ಸಲ ಹೊಡೆಸಿಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಹೊಡೆಸಲಾ?

ಬೇಡ. ಎಲ್ಲರೂ ಹೇಳುವುದು ಇದನ್ನೇ, ಒಳ್ಳೊಳ್ಳೆಯ ಕಾರುಗಳ ಪೇಂಟ್ ಹೋಗುವುದೂ ಇದರಿಂದಲೇ.

ಕೆಂಪು ಬೇಗ ಮಂಕಾಗುತ್ತದೆ. ಹಳೇ ಕೆಂಪು ಬಣ್ಣಗಳಲ್ಲಿ ಹೆಚ್ಚಿನವು ಬಿಸಿಲು ತಡೆಯುವ ಶಕ್ತಿ ಕಡಿಮೆ ಇರುವಂಥವು. ಮೇಲಿನ ರಾಳವೂ ಒಡೆದು, ಬಣ್ಣದ ಪುಡಿಯೂ ಬಿಳಚಿಕೊಂಡು ಗುಲಾಬಿ ಕಾಣುತ್ತದೆ. ಕಪ್ಪು ಬಣ್ಣದ ವಿಷಯ ಬೇರೆ, ಅದರಲ್ಲಿರುವ ಇಂಗಾಲದ ಪುಡಿ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಾನೇ ಹೀರಿಕೊಂಡು ರಾಳವನ್ನು ಕಾಯುತ್ತದೆ. ಕೆಂಪಿಗೆ ಆ ಭಾಗ್ಯ ಇಲ್ಲ. ಆದರೆ ಈ ಹಾಳಾದ ಪದರ ಸಾಮಾನ್ಯವಾಗಿ ಬಹಳ ತೆಳು. ಅದರ ಕೆಳಗೆ ಬಾಗಿಲ ಅಂಚಿನಲ್ಲಿ ಕಾಣುವ ಕೆಂಪೇ ಇರುವ ಸಂಭವ ಜಾಸ್ತಿ. ನಮಗೆ ಬೇಕಾದದ್ದು ಆ ತೆಳು ಪದರ ಮಾತ್ರ ಹೋಗಬೇಕು, ಕೆಳಗಿನದು ಉಳಿಯಬೇಕು. ಒಣಗಿ ಗರಿಗರಿಯಾದ ಪೇಂಟಿನ ಮೇಲೆ ದಪ್ಪ ಕಾಂಪೌಂಡ್ ಹಾಕಿ ಮಷಿನ್ ಓಡಿಸಿದರೆ ಎರಡೂ ಒಟ್ಟಿಗೇ ಹೋಗುತ್ತವೆ, ಜೊತೆಗೆ ಬಿಸಿ ಬೇರೆ.

ಹಾಗಾಗಿ ಮೊದಲು ಎಣ್ಣೆ. ಉಜ್ಜುವ ಕಣ ಇಲ್ಲದ, ಎಣ್ಣೆ ಅಂಶ ಜಾಸ್ತಿ ಇರುವ ಗ್ಲೇಜ್ ಎಂಬ ಪಾಲಿಶ್ ಸಿಗುತ್ತದೆ. 1901ರಿಂದ ಇರುವ ಮೆಗೈಯರ್ಸ್ ಕಂಪನಿಯ ನಂಬರ್ 7 ಇದಕ್ಕೆ ಹೆಸರಾದದ್ದು, ಹಳೇ ಲ್ಯಾಕರ್ ಕಾರುಗಳ ಕಾಲದಿಂದ ಬಂದ ಮಾಲು. ಅದೇ ಬೇಕೆಂದಿಲ್ಲ, ಅದೇ ಗುಣದ ಯಾವುದಾದರೂ ನಡೆಯುತ್ತದೆ. ಡಬ್ಬಿಯ ಮೇಲೆ ಕ್ಲಿಯರ್ ಕೋಟ್‌ಗೆ ಮಾತ್ರ ಎಂದು ಬರೆದ ಸ್ಕ್ರ್ಯಾಚ್ ರಿಮೂವರ್ ತೆಗೆದುಕೊಂಡರೆ ಆಗುವುದಿಲ್ಲ.

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಲೋಹ ತಣ್ಣಗಾಗಲಿ. ಮೆದು ಶಾಂಪೂ ಹಾಕಿ ತೊಳೆಯಿರಿ. ಜಿಡ್ಡು ತೆಗೆಯುವ ಕಟು ದ್ರಾವಣಗಳು ಬೇಡ, ಉಳಿದಿರುವ ಅಲ್ಪಸ್ವಲ್ಪ ಎಣ್ಣೆಯನ್ನೂ ಅವು ಎಳೆದುಬಿಡುತ್ತವೆ. ಕೈಗೆ ಮರಳು ಮರಳಾಗಿ ಸಿಗುತ್ತಿದ್ದರೆ ಮೆದು ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ) ಓಡಿಸಬಹುದು, ಆದರೆ ತುಂಬಾ ನೀರು ಮತ್ತು ಶಾಂಪೂ ಜೊತೆಗೆ, ಒತ್ತದೆ. ಆಮೇಲೆ ಎಲ್ಲಕ್ಕಿಂತ ಮೊದಲು ಒಂದು ಅಡಿ ಉದ್ದಗಲದ ಜಾಗ ಆರಿಸಿಕೊಳ್ಳಿ. ಮುಂದಿನ ಕೆಲಸ ಪೂರ್ತಿ ಅಲ್ಲಿ ಮಾಡಿ ನೋಡಿ, ಸರಿ ಬಂದರೆ ಮಾತ್ರ ಉಳಿದ ಕಾರಿಗೆ ಕೈ ಹಾಕಿ. ಈ ಒಂದು ಅಡಿ ಜಾಗ ನಿಮಗೆ ಹೇಳಿಕೊಡುವಷ್ಟು ನಾನು ಹೇಳಲಾರೆ.

ಗ್ಲೇಜನ್ನು ಧಾರಾಳವಾಗಿ ಸುರಿದು, ಒರಟು ನೂಲಿನ ಹತ್ತಿ ಟವೆಲ್‌ನಿಂದ ಮಾಲೀಶು ಮಾಡುವ ಹಾಗೆ ತಿಕ್ಕಿ. ಇಲ್ಲಿ ಮೈಕ್ರೋಫೈಬರ್ ಬೇಡ, ಹತ್ತಿ ಟವೆಲ್‌ನ ಎಳೆಗಳೇ ಸರಿ. ಬಟ್ಟೆ ರಕ್ತದ ಹಾಗೆ ಕೆಂಪಾಗುತ್ತದೆ. ಹೆದರಬೇಡಿ, ಅದು ಸತ್ತ ಪುಡಿ. ಬಟ್ಟೆಯ ಮಡಿಕೆ ಬದಲಿಸುತ್ತಾ ಇರಿ. ತಿಕ್ಕಿ ಆದ ಮೇಲೆ ಅದನ್ನು ಒರೆಸಬೇಡಿ. ಇನ್ನೊಂದು ಪದರ ದಪ್ಪವಾಗಿ ಹಚ್ಚಿ, ರಾತ್ರಿಯಿಡೀ ಹಾಗೇ ಬಿಡಿ. 12 ಗಂಟೆಯಿಂದ ಒಂದು ದಿನದವರೆಗೆ. ಬೆಳಿಗ್ಗೆ ನೋಡಿದರೆ ಕೆಲವು ಕಡೆ ಒಣಗಿ ಹೋಗಿರುತ್ತದೆ, ಅಂದರೆ ಅಲ್ಲಿ ಪೇಂಟ್ ಕುಡಿದಿದೆ. ಹಾಗಿದ್ದರೆ ಇನ್ನೊಂದು ಸಲ ಹಚ್ಚಿ. ಎರಡನೇ ದಿನದ ಬೆಳಿಗ್ಗೆ, ಬಾನೆಟ್ ಗುಲಾಬಿಯಿಂದ ಕೆಂಪಿಗೆ ತಿರುಗಿ ನಿಂತಿರುವುದನ್ನು ನೋಡುವ ಸಂತೋಷ ಇದೆಯಲ್ಲ, ಅದಕ್ಕಾಗಿಯೇ ನಾನು ಈ ಕೆಲಸ ಬಿಟ್ಟಿಲ್ಲ.

ಈ ಎಣ್ಣೆ ಏನು ಮಾಡುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಿ, ಯಾಕೆಂದರೆ ಇದರ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳಿಬರುತ್ತವೆ. ಸತ್ತ ರಾಳಕ್ಕೆ ಅದು ಜೀವ ಕೊಡುವುದಿಲ್ಲ. ಒಣ ಕಲ್ಲಿನ ಮೇಲೆ ನೀರು ಬಿದ್ದರೆ ಬಣ್ಣ ಗಾಢವಾಗುತ್ತದೆ ಅಲ್ವಾ, ಅದೇ ಲೆಕ್ಕ. ಪೇಂಟಿನಲ್ಲಿ ಬಿದ್ದ ಸಣ್ಣ ಸಣ್ಣ ತೂತುಗಳನ್ನು ಎಣ್ಣೆ ತುಂಬುತ್ತದೆ, ಬೆಳಕು ಚದುರುವುದು ನಿಲ್ಲುತ್ತದೆ, ಬಣ್ಣ ಕಾಣುತ್ತದೆ. ಇನ್ನೊಂದು ಉಪಕಾರ ಅಂದರೆ ಮೇಲ್ಮೈ ನೆನೆದು ಮೆತ್ತಗಿರುವುದರಿಂದ ಮುಂದೆ ಪಾಲಿಶ್ ಮಾಡುವಾಗ ಎಳೆದು ಹರಿಯುವುದಿಲ್ಲ, ಜಾರುತ್ತದೆ. ಅಷ್ಟೇ. ಆದರೆ ಅಷ್ಟೇ ಸಾಕು.

ಆಮೇಲೆ ಸಣ್ಣ ಕಣದ, ಫಿನಿಶಿಂಗ್ ಜಾತಿಯ ಪಾಲಿಶ್, ಮೆತ್ತನೆಯ ಫೋಮ್ ಪ್ಯಾಡ್. ಎರಡು ಮೂರು ಸುತ್ತು ಮಾತ್ರ. ಒರೆಸಿ ನೋಡಿ. ಬಾಗಿಲ ಅಂಚಿನ ಕೆಂಪಿಗೆ ಹತ್ತಿರ ಬಂದಿದ್ದರೆ ಅಲ್ಲಿಗೆ ಮುಗಿಯಿತು, ಉಳಿದ ನಾಲ್ಕು ಗೆರೆಗಳ ಹಿಂದೆ ಹೋಗಬೇಡಿ. 50 ವರ್ಷದ ಪೇಂಟಿನಲ್ಲಿ ಗೆರೆ ಇದ್ದರೆ ಇರಲಿ. ಬಂದಿಲ್ಲ ಅಂದರೆ ಇನ್ನೊಂದು ಸಲ ಅದನ್ನೇ ಮಾಡಿ, ಕಾಂಪೌಂಡ್‌ಗೆ ಹೋಗುವ ಮೊದಲು ಹತ್ತು ಸಲ ಯೋಚಿಸಿ. ಕೊನೆಗೆ ವ್ಯಾಕ್ಸ್, ಮತ್ತು ಇದನ್ನು ಬಿಡುವ ಹಾಗಿಲ್ಲ. ವ್ಯಾಕ್ಸ್ ಮಾಡದೆ ಬಿಸಿಲಿಗೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಗುಲಾಬಿ ವಾಪಸ್.

ಆರೋಗ್ಯದ ಮಾತು ಒಂದಿದೆ. ಹಳೇ ಕೆಂಪು, ಕಿತ್ತಳೆ, ಹಳದಿ ಬಣ್ಣಗಳಲ್ಲಿ ಸೀಸ ಇರುವ ಪುಡಿ ಬಳಸುತ್ತಿದ್ದರು. ಕೈಗವಸು ಹಾಕಿ. ಒಣಗಿದ ಹಾಗೇ ಎಮರಿ ಪೇಪರ್ ಹಿಡಿದು ಧೂಳೆಬ್ಬಿಸಬೇಡಿ, ಮಾಸ್ಕ್ ಇಲ್ಲದೆ ಮಷಿನ್ ಹಿಡಿಯಬೇಡಿ, ಆ ಬಟ್ಟೆಗಳನ್ನು ಮನೆಯ ಬಟ್ಟೆ ಜೊತೆ ಒಗೆಯಬೇಡಿ.

ಕೈಯಲ್ಲಿ ಮಾಡುವುದಾ, ಮಷಿನ್‌ನಲ್ಲಾ? ಮಷಿನ್ ಅಂದರೆ ಯಾವುದು? ಪ್ಯಾಡ್ ಐದೇ ನಿಮಿಷಕ್ಕೆ ಕಟ್ಟಿಕೊಂಡು ಕೆಲಸ ನಿಲ್ಲುತ್ತದೆ, ಯಾಕೆ?

ಎಣ್ಣೆ ಹಚ್ಚುವುದು ಕೈಯಲ್ಲಿ. ಪಾಲಿಶ್ ಬೇಕಾದರೆ ಮಷಿನ್‌ನಲ್ಲಿ, ಆದರೆ ಡ್ಯುಯಲ್ ಆ್ಯಕ್ಷನ್ ಮಷಿನ್ ಮಾತ್ರ. ಅದರ ಪ್ಯಾಡ್ ತಿರುಗುತ್ತಾ ಅಲುಗುತ್ತಾ ಹೋಗುವುದರಿಂದ ಒಂದೇ ಕಡೆ ಬಿಸಿ ಸೇರುವುದಿಲ್ಲ, ಜಾಸ್ತಿ ಒತ್ತಿದರೆ ಸುತ್ತುವುದೇ ನಿಂತುಬಿಡುತ್ತದೆ. ಸುಮ್ನೆ ಗಿರಗಿರ ತಿರುಗುವ ರೋಟರಿ ಮಷಿನ್ ಹಾಗಲ್ಲ, ಒಂದು ಕ್ಷಣ ಕೈ ಮರೆತರೆ ಪೇಂಟ್ ಸುಟ್ಟುಹೋಗುತ್ತದೆ. ಲ್ಯಾಕರ್ ಅಂತೂ ಬಿಸಿಗೆ ಬೇಗ ಮೆತ್ತಗಾಗುವ ಪೇಂಟ್.

ಇದನ್ನು ನಾನು ಓದಿ ಹೇಳುತ್ತಿಲ್ಲ. ಹೊಸದಾಗಿ ಕಲಿಯುವಾಗ ಹಸಿರು ಕಾರೊಂದರ ಮುಂದಿನ ಮಡ್‌ಗಾರ್ಡ್ ಮೇಲೆ ರೋಟರಿ ಓಡಿಸಿದ್ದೆ. ಬಾನೆಟ್ ಮಧ್ಯ ಚೆನ್ನಾಗಿ ಬಂದಿತ್ತು, ಧೈರ್ಯ ಬಂದಿತ್ತು. ಮಡ್‌ಗಾರ್ಡಿನ ಏಣಿನ ಮೇಲೆ ಪ್ಯಾಡ್ ಒಂದು ಸಲ ಹಾದುಹೋದ ಜಾಗದಲ್ಲಿ ಬೂದು ಗೆರೆ ಎದ್ದಿತು, ಬಣ್ಣದ ಕೆಳಗೆ ಲೋಹಕ್ಕೆ ಹೊಡೆಯುವ ತಳದ ಪದರ. ಪ್ರೈಮರ್. ಬೆರಳಗಲದ ಗೆರೆ, ಅಷ್ಟೇ, ಆದರೆ ಆ ಕಾರು ಫ್ಯಾಕ್ಟರಿಯಿಂದ ಬಂದ ಪೇಂಟಿನಲ್ಲೇ ಅಷ್ಟು ವರ್ಷ ಇತ್ತು. ಅವತ್ತಿನ ಬೇಸರ ಇನ್ನೂ ಹೋಗಿಲ್ಲ.

ಸ್ಪ್ರೇ ಮಾಡಿದ ಪೇಂಟ್ ಏಣುಗಳ ಮೇಲೆ, ಅಂಚುಗಳಲ್ಲಿ ಯಾವಾಗಲೂ ತೆಳ್ಳಗೆ ಕೂರುತ್ತದೆ. ಮೇಲಾಗಿ ಇಷ್ಟು ವರ್ಷ ಒರೆಸಿದವರ ಕೈ ಎಲ್ಲ ಜಾಸ್ತಿ ತಾಗಿರುವುದೂ ಅಲ್ಲೇ. ಮಷಿನ್ ಹಿಡಿಯುವ ಮೊದಲು ಬಾಗಿಲ ಅಂಚು, ಬಾನೆಟ್ ಅಂಚು, ಉದ್ದಕ್ಕೂ ಓಡುವ ಏಣುಗಳು ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ. ಆ ಜಾಗಗಳಿಗೆ ಕೊನೆಗೆ ಟೇಪ್ ತೆಗೆದು ಕೈಯಲ್ಲಿ ಒಂದು ಸಲ ಮೆಲ್ಲಗೆ ಪಾಲಿಶ್. ಹಳೇ ಪೇಂಟಿನ ಮೇಲೆ ಟೇಪ್ ಕೀಳುವಾಗಲೂ ನಿಧಾನ. ಅಂಟು ಕಡಿಮೆ ಇರುವ ಟೇಪೇ ಒಳ್ಳೆಯದು.

ಪ್ಯಾಡ್ ಕಟ್ಟಿಕೊಳ್ಳುವುದು ಸಹಜ. ಕ್ಲಿಯರ್ ಕೋಟ್‌ನಲ್ಲಿ ಒಂದೆರಡು ಪ್ಯಾಡ್ ಸಾಕಾಗುವ ಕಡೆ ಇಲ್ಲಿ ಆರೇಳು ಬೇಕು, ಯಾಕೆಂದರೆ ಬರುವ ಬಣ್ಣದ ಪುಡಿ ಎಲ್ಲ ಫೋಮ್ ಒಳಗೆ ಸೇರುತ್ತದೆ. ಎರಡು ಅಡಿ ಜಾಗ ಮುಗಿದ ಕೂಡಲೇ ಬ್ರಷ್‌ನಿಂದ ಪ್ಯಾಡ್ ಉಜ್ಜಿ ಸ್ವಚ್ಛ ಮಾಡಿ. ಬಾನೆಟ್ ಒಂದು ಮುಗಿದರೆ ಪ್ಯಾಡ್ ಬದಲಿಸಿ. ಕೊಳೆ ಪ್ಯಾಡ್‌ನಲ್ಲೇ ಮುಂದುವರಿಸಿದರೆ ಆ ಪುಡಿಯೇ ಗೆರೆ ಎಳೆಯುತ್ತದೆ, ಬಿಸಿಯೂ ಏರುತ್ತದೆ.

ಬೆಳ್ಳಿ ಬಣ್ಣದ ಮೆಟಾಲಿಕ್. ಪಾಲಿಶ್ ಮಾಡಿದರೆ ಬಟ್ಟೆ ಕಪ್ಪಾಗುತ್ತದೆ, ಕಾರಿನ ಮೇಲೆ ಮೋಡದ ಹಾಗೆ ಕಲೆ ಕಲೆ ಕಾಣುತ್ತಿದೆ.

ಸಿಂಗಲ್ ಸ್ಟೇಜ್‌ನಲ್ಲಿ ಅತಿ ಕಷ್ಟದ್ದು ಇದೇ. ಆ ಮಿಂಚು ಅಲ್ಯೂಮಿನಿಯಂ ಚೂರುಗಳದ್ದು. ಈಗಿನ ಕಾರುಗಳಲ್ಲಿ ಅವು ಕ್ಲಿಯರ್ ಕೋಟ್ ಕೆಳಗೆ ಭದ್ರವಾಗಿರುತ್ತವೆ, ನಿಮ್ಮದರಲ್ಲಿ ಮೇಲ್ಮೈಯಲ್ಲೇ ಇವೆ. ಉಜ್ಜಿದಾಗ ಚೂರುಗಳೂ ಸವೆದು ಬೂದು ಕಪ್ಪಾಗಿ ಬಟ್ಟೆಗೆ ಬರುತ್ತವೆ. ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಸವೆದರೆ ಬೆಳಕು ಬೇರೆಬೇರೆ ಥರ ಹೊಡೆದು ಮೋಡದ ಹಾಗೆ ಕಾಣುತ್ತದೆ.

ಮಷಿನ್ ಕೆಳಗಿಡಿ. ಗ್ಲೇಜ್ ಮಾತ್ರ, ಕೈಯಲ್ಲಿ, ಕಾರಿನ ಉದ್ದಕ್ಕೆ ನೇರ ನೇರವಾಗಿ, ಒಂದು ಭಾಗವನ್ನು ಅಂಚಿನಿಂದ ಅಂಚಿಗೆ ಒಂದೇ ಸಮ ಒತ್ತಡದಲ್ಲಿ. ಕಲೆಗಳು ತಕ್ಕಮಟ್ಟಿಗೆ ಬೆರೆಯುತ್ತವೆ, ಪೂರ್ತಿ ಹೋಗದಿರಬಹುದು. ಇನ್ನೊಂದು, ಅಲ್ಯೂಮಿನಿಯಂ ಆಮ್ಲಕ್ಕೂ ಆಗುವುದಿಲ್ಲ, ಕ್ಷಾರಕ್ಕೂ ಆಗುವುದಿಲ್ಲ. ಚಕ್ರ ತೊಳೆಯುವ ಕ್ಲೀನರ್, ಎಂಜಿನ್ ಡಿಗ್ರೀಸರ್ ಅದರ ಮೇಲೆ ಸಿಡಿಯದ ಹಾಗೆ ನೋಡಿಕೊಳ್ಳಿ. ಹಕ್ಕಿ ಹಿಕ್ಕೆ ಬಿದ್ದರೆ ಆಗಲೇ ನೆನೆಸಿ ತೆಗೆಯಿರಿ, ಸಂಜೆಗೆ ಅಂತ ಬಿಡಬೇಡಿ.

ಪೇಂಟ್ ದಪ್ಪ ಅಳೆಯುವ ಮೀಟರ್ ತಂದೆ. 140 ಮೈಕ್ರಾನ್ ತೋರಿಸುತ್ತಿದೆ. ಇಷ್ಟಿದ್ದರೆ ಧೈರ್ಯವಾಗಿ ಪಾಲಿಶ್ ಮಾಡಬಹುದಲ್ವಾ?

140 ಅನ್ನುವುದು ಬರೆಯುವ ಹಾಳೆ ಒಂದಕ್ಕಿಂತ ತುಸು ದಪ್ಪ. ಮೀಟರ್ ಹೇಳುವುದು ಲೋಹದ ಮೇಲೆ ಇರುವ ಎಲ್ಲ ಸೇರಿಸಿದ ಲೆಕ್ಕ, ಪ್ರೈಮರ್ ಸಮೇತ. ಅದರಲ್ಲಿ ಬಣ್ಣದ ಪಾಲು ಎಷ್ಟು, ಪ್ರೈಮರ್ ಪಾಲು ಎಷ್ಟು ಎಂದು ಅದು ಬಿಡಿಸಿ ಹೇಳುವುದಿಲ್ಲ. ಅರ್ಧಕ್ಕೂ ಕಡಿಮೆ ಬಣ್ಣ ಇರಬಹುದು. ಹಾಗಾಗಿ ಮೀಟರ್ ನೋಡಿ ಧೈರ್ಯ ತಂದುಕೊಳ್ಳಬೇಡಿ.

ಮೀಟರ್ ಉಪಯೋಗಕ್ಕೆ ಬರುವುದು ಬೇರೆ ಕಡೆ. ಒಂದೇ ಬಾಗಿಲಿನಲ್ಲಿ ಮಧ್ಯ 140, ಮೂಲೆಯಲ್ಲಿ 80 ಅಂದರೆ ಆ ಮೂಲೆಯನ್ನು ಯಾರೋ ಹಿಂದೆ ಚೆನ್ನಾಗಿ ಉಜ್ಜಿದ್ದಾರೆ, ಅಲ್ಲಿ ಕೈ ಇಡಬೇಡಿ. ಒಂದು ಕಡೆ 300 ದಾಟಿದರೆ ಮತ್ತೆ ಪೇಂಟ್ ಆಗಿರುವ ಸಂಭವ ಜಾಸ್ತಿ, ಸಾವಿರ ದಾಟಿದರೆ ಕೆಳಗೆ ಪುಟ್ಟಿ ಇದೆ. ಮ್ಯಾಗ್ನೆಟ್ ಮೇಲೆ ಕೆಲಸ ಮಾಡುವ ಮೀಟರ್ ಉಕ್ಕಿನ ಬಾಡಿಗೆ ಮಾತ್ರ. ಅಲ್ಯೂಮಿನಿಯಂ ಬಾನೆಟ್‌ಗೆ ಬೇರೆ ಥರದ್ದು ಬೇಕು, ಷೆವ್ರೊಲೆ ಕಾರ್ವೆಟ್‌ನಂಥ ಫೈಬರ್‌ಗ್ಲಾಸ್ ಬಾಡಿಗೆ ಈ ಎರಡೂ ನಡೆಯುವುದಿಲ್ಲ.

ಕಾರಿನ ಟಾಪ್ ಮೇಲೆ ಕೂದಲೆಳೆಯಂಥ ಬಿರುಕುಗಳು, ಹಕ್ಕಿ ಕಾಲಿನ ಗುರುತಿನ ಹಾಗೆ. ಪಾಲಿಶ್ ಮಾಡಿದ ಮೇಲೆ ಇನ್ನೂ ಎದ್ದು ಕಾಣುತ್ತಿವೆ, ಬಿಳಿ ಗೆರೆಗಳಾಗಿ.

ಇದು ಹಳೇ ಲ್ಯಾಕರ್ ಬಿರಿಯುವ ರೀತಿ. ವರ್ಷ ಕಳೆದ ಹಾಗೆ ಲ್ಯಾಕರ್ ಕುಗ್ಗುತ್ತದೆ, ಪೆಡಸಾಗುತ್ತದೆ. ಕೆಳಗಿನ ಲೋಹ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವಾಗ ಅದಕ್ಕೆ ಜೊತೆ ಕೊಡಲು ಆಗದೆ ಬಿರಿಯುತ್ತದೆ. ಹಳೇದರ ಮೇಲೇ ಮತ್ತೆ ಮತ್ತೆ ಹೊಡೆದು ಪದರ ದಪ್ಪವಾಗಿದ್ದರಂತೂ ಇನ್ನೂ ಬೇಗ. ಬಿರುಕು ಸಾಮಾನ್ಯವಾಗಿ ತಳದವರೆಗೆ ಹೋಗಿರುತ್ತದೆ, ಆದ್ದರಿಂದ ಎಷ್ಟು ಪಾಲಿಶ್ ಮಾಡಿದರೂ ಹೋಗುವುದಿಲ್ಲ. ಬಿರುಕು ಹೋಗುವವರೆಗೆ ಉಜ್ಜಿದರೆ ಪೇಂಟ್ ಇರುವುದಿಲ್ಲ.

ಬಿಳಿ ಗೆರೆಗಳು ನೀವು ಹಾಕಿದ ಪಾಲಿಶ್ ಒಳಗೆ ಸೇರಿ ಒಣಗಿದ್ದು. ಗ್ಲೇಜ್ ಹಚ್ಚಿ ನೆನೆಯಲು ಬಿಟ್ಟು, ಮೆತ್ತನೆ ಬ್ರಷ್‌ನಿಂದ ಬಿರುಕಿನ ಉದ್ದಕ್ಕೆ ಎಳೆದು ತೆಗೆಯಿರಿ, ತಾಳ್ಮೆ ಬೇಕು. ಮುಂದೆ ಆ ಭಾಗಕ್ಕೆ ಒಣಗಿ ಬಿಳಿ ಪುಡಿ ಬಿಡುವ ಯಾವುದನ್ನೂ ಹಾಕಬೇಡಿ, ನೀರು ನಿಲ್ಲಲು ಬಿಡಬೇಡಿ. ಮುಂದೊಂದು ದಿನ ಪೇಂಟ್ ಮಾಡಿಸುವುದಾದರೆ ಲೋಹದವರೆಗೆ ಕೆರೆಸಿಯೇ ಮಾಡಿಸಿ. ಬಿರುಕಿನ ಮೇಲೆ ಹೊಸ ಪೇಂಟ್ ಹೊಡೆದರೆ ಸ್ವಲ್ಪ ಕಾಲಕ್ಕೆ ಅದೇ ಬಿರುಕು ಮೇಲೆ ಬರುತ್ತದೆ.

ಟೂತ್‌ಪೇಸ್ಟ್ ಹಾಕಬಹುದಾ? ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಚೆನ್ನಾಗಿ ಹೊಳೆಯುತ್ತದೆ ಎನ್ನುತ್ತಾರೆ.

ಎರಡೂ ಬೇಡ. ಟೂತ್‌ಪೇಸ್ಟ್‌ನಲ್ಲಿ ಉಜ್ಜುವ ಕಣ ಇದೆ, ಅದರ ಅಳತೆ ಹಲ್ಲಿಗೆ ನೋಡಿ ಹಾಕಿದ್ದು. ಸೀಮೆಎಣ್ಣೆ ಹೊಳಪು ಒದ್ದೆಯ ಹೊಳಪು, ಸಂಜೆಗೆ ಹೋಗುತ್ತದೆ, ಧೂಳು ಅಂಟುತ್ತದೆ.

ಬಿಳಿ ಕಾರು, ಯಾವಾಗಲೂ ಪುಡಿ ಬಿಡುತ್ತದೆ. ಬಣ್ಣ ಮಾತ್ರ ಬಿಳಿಯೇ ಇದೆ.

ಬಿಳಿಯ ಸ್ವಭಾವ ಅದು. ಟೈಟೇನಿಯಂ ಡೈಆಕ್ಸೈಡ್ ಎಂಬ ಪುಡಿಯಿಂದ ಆ ಬಿಳಿ ಬರುವುದು. ಅದು ತಾನು ಮಂಕಾಗುವುದಿಲ್ಲ, ಆದರೆ ಬಿಸಿಲಿನಲ್ಲಿ ಸುತ್ತಲಿನ ರಾಳ ಒಡೆಯಲು ಅದೇ ಕಾರಣವಾಗುತ್ತದೆ. ಕೆಂಪಿಗೆ ಹೇಳಿದ ಕ್ರಮವನ್ನೇ ಮಾಡಿ. ಬಿಳಿಯಲ್ಲಿ ಗೆರೆ ಕಾಣುವುದಿಲ್ಲ, ಹಾಗಾಗಿ ಎಣ್ಣೆ ಮತ್ತು ಒಂದು ಸುತ್ತು ಹಗುರ ಪಾಲಿಶ್‌ನಲ್ಲೇ ಮುಗಿಸಬಹುದು.

ವ್ಯಾಕ್ಸ್ ಹಾಕುವುದಾ, ಸೆರಾಮಿಕ್ ಕೋಟಿಂಗ್ (ಪೇಂಟಿಗೆ ಗಟ್ಟಿಯಾಗಿ ಅಂಟುವ ರಕ್ಷಣೆಯ ಪದರ) ಮಾಡಿಸುವುದಾ? ಸೆರಾಮಿಕ್ ಆದರೆ ವರ್ಷಗಟ್ಟಲೆ ಚಿಂತೆ ಇಲ್ಲ ಎಂದರು.

ಹಾರ್ಡ್‌ನರ್ ಹಾಕಿದ ಗಟ್ಟಿ ಯೂರಿಥೇನ್ ಸಿಂಗಲ್ ಸ್ಟೇಜ್ ಆಗಿದ್ದರೆ ಸೆರಾಮಿಕ್ ಮಾಡಿಸಿದರೂ ನಡೆಯುತ್ತದೆ. ಹಳೇ ಲ್ಯಾಕರ್ ಅಥವಾ ಎನಾಮೆಲ್‌ಗೆ ನಾನು ಬೇಡ ಎನ್ನುತ್ತೇನೆ. ಸೆರಾಮಿಕ್ ಹಿಡಿಯಬೇಕೆಂದರೆ ಮೊದಲು ದ್ರಾವಕ ಹಾಕಿ ಮೇಲ್ಮೈಯ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಬೇಕು. ನೀವು ಎರಡು ದಿನ ಕೂತು ಕುಡಿಸಿದ ಎಣ್ಣೆ ಅಲ್ಲೇ ಹೋಯಿತು. ಆ ದ್ರಾವಕಗಳಲ್ಲಿ ಕೆಲವು ಲ್ಯಾಕರನ್ನೇ ಮೆತ್ತಗೆ ಮಾಡುತ್ತವೆ. ಅದಕ್ಕಿಂತ ದೊಡ್ಡ ತೊಂದರೆ, ಮುಂದೆ ಅದನ್ನು ತೆಗೆಯಬೇಕಾದರೆ ಉಜ್ಜಿಯೇ ತೆಗೆಯಬೇಕು. ಹಾಗೆ ಉಜ್ಜಲು ನಮ್ಮ ಹತ್ತಿರ ಪೇಂಟ್ ಎಲ್ಲಿದೆ ಹೇಳಿ?

ಕಾರ್ನೌಬಾ ವ್ಯಾಕ್ಸ್ ಸಾಕು. ಬ್ರೆಜಿಲ್‌ನ ಒಂದು ಜಾತಿಯ ತಾಳೆ ಮರದ ಎಲೆಯಿಂದ ತೆಗೆಯುವ ಮೇಣ ಅದು. ಮೇಣಗಳಲ್ಲಿ ಬಹಳ ಗಟ್ಟಿ, ಕರಗಲು 80 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬೇಕು. ಸವೆದರೆ ಮೇಣವೇ ಸವೆಯುತ್ತದೆ, ಬೇಕಾದಾಗ ತೆಗೆಯಬಹುದು, ಹಳೇ ಪೇಂಟಿನ ಮೇಲೆ ಅದರ ಹೊಳಪು ತುಂಬಾ ಚೆನ್ನಾಗಿ ಒಪ್ಪುತ್ತದೆ. ತೆಳ್ಳಗೆ ಹಚ್ಚಿ. ಒಳಗೆ ನಿಲ್ಲಿಸುವ ಕಾರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ, ಅಥವಾ ನೀರು ಮಣಿಮಣಿಯಾಗಿ ನಿಲ್ಲುವುದು ತಪ್ಪಿದಾಗ. ಡಬ್ಬಿಯಲ್ಲಿ ಸಿಲಿಕೋನ್ ಇದೆಯಾ ನೋಡಿ, ಇದ್ದರೆ ಮುಂದೆ ಟಚ್‌ಅಪ್ ಮಾಡುವಾಗ ಹೊಸ ಪೇಂಟ್ ಮೀನಿನ ಕಣ್ಣಿನ ಹಾಗೆ ತೂತು ತೂತಾಗಿ ನಿಲ್ಲುತ್ತದೆ. ಕವರ್ ಹಾಕುವುದಾದರೆ ಗಾಳಿಯಾಡುವ ಬಟ್ಟೆಯದ್ದು, ಧೂಳು ತೆಗೆದ ಮೇಲೆ ಮಾತ್ರ. ಧೂಳಿನ ಕಾರಿಗೆ ಕವರ್ ಎಳೆದರೆ ಅದೇ ಎಮರಿ ಪೇಪರ್.

ತಾತನ ಕಾರು. ಡ್ರೈವರ್ ಬಾಗಿಲಿನ ಮೇಲಂಚಿನಲ್ಲಿ, ಕಿಟಕಿಯ ಕೆಳಗೆ, ಅವರು ಮೊಣಕೈ ಇಟ್ಟು ಓಡಿಸುತ್ತಿದ್ದ ಜಾಗದಲ್ಲಿ ಪೇಂಟ್ ಸವೆದು ಪ್ರೈಮರ್ ಕಾಣುತ್ತಿದೆ. ಉಳಿದ ಕಾರು ಮಂಕು, ಆದರೆ ಎಲ್ಲ ಮೊದಲಿನ ಪೇಂಟೇ. ಬಾಗಿಲು ಒಂದನ್ನು ಪೇಂಟ್ ಮಾಡಿಸಲಾ, ಇಡೀ ಕಾರು ಮಾಡಿಸಲಾ?

ಎರಡೂ ಬೇಡ ಎಂದು ನನ್ನ ಮಾತು. ಬಾಗಿಲು ಒಂದನ್ನೇ ಮಾಡಿಸಿದರೆ ಹೊಸ ಬಣ್ಣ ಹಳೇದರ ಪಕ್ಕ ಕೂರುವುದಿಲ್ಲ, ಹೊಂದಿಸಲು ಮಡ್‌ಗಾರ್ಡ್ ಮಾಡಿಸುತ್ತೀರಿ, ಆಮೇಲೆ ಬಾನೆಟ್, ಕೊನೆಗೆ ಇಡೀ ಕಾರು. ಪೇಂಟ್ ಯಾವಾಗ ಬೇಕಾದರೂ ಮಾಡಿಸಬಹುದು, ಫ್ಯಾಕ್ಟರಿಯಲ್ಲಿ ಹೊಡೆದ ಪೇಂಟನ್ನು ವಾಪಸ್ ತರಲು ಆಗುವುದಿಲ್ಲ. ಅಮೆರಿಕದ ಪೆಬಲ್ ಬೀಚ್‌ನಂಥ ದೊಡ್ಡ ಹಳೇ ಕಾರು ಪ್ರದರ್ಶನದಲ್ಲೇ ಹೀಗೆ ಮೊದಲಿನ ಪೇಂಟ್ ಉಳಿಸಿಕೊಂಡ ಕಾರುಗಳಿಗೆ ಬೇರೆಯೇ ವಿಭಾಗ ಇದೆ. ಅದನ್ನು ಬಿಡಿ, ಅದು ನಿಮ್ಮ ತಾತನ ಮೊಣಕೈ ಗುರುತು. ಅದನ್ನು ಪುಟ್ಟಿ ಹಾಕಿ ಮುಚ್ಚಲು ನನಗಂತೂ ಮನಸ್ಸು ಬರುವುದಿಲ್ಲ.

ಇಡೀ ಕಾರಿಗೆ ಎಣ್ಣೆ ಕುಡಿಸಿ, ಹಗುರ ಪಾಲಿಶ್ ಮಾಡಿ, ವ್ಯಾಕ್ಸ್ ಹಾಕಿ. ಆ ಜಾಗಕ್ಕೆ ಮಾತ್ರ ಪಾಲಿಶ್ ತಾಗಿಸಬೇಡಿ, ಅದರ ಸುತ್ತ ಉಳಿದಿರುವ ಬಣ್ಣದ ಅಂಚು ಹಾಳೆಗಿಂತ ತೆಳ್ಳಗಿರುತ್ತದೆ, ಒಂದು ಸಲ ಉಜ್ಜಿದರೆ ಗುರುತು ದೊಡ್ಡದಾಗುತ್ತದೆ. ಬರೀ ಪ್ರೈಮರ್ ತೇವ ಹೀರುತ್ತದೆ, ಕೆಳಗಿನ ಲೋಹಕ್ಕೆ ತುಕ್ಕು ಬರುತ್ತದೆ. ಹಾಗಾಗಿ ಚೆನ್ನಾಗಿ ಒಣಗಿರುವ ದಿನ ನೋಡಿ ಆ ಜಾಗಕ್ಕೆ ಬೆರಳಿನಿಂದಲೇ ವ್ಯಾಕ್ಸ್ ಹಚ್ಚಿ, ಅರ್ಧ ಗಂಟೆ ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮತ್ತೊಂದು ಸಲ ಹಚ್ಚಿ. ತಿಂಗಳಿಗೊಮ್ಮೆ ಮಾಡಿ. ಕಿಟಕಿಯ ರಬ್ಬರ್ ಪಟ್ಟಿ ಹಳೇದಾಗಿ ನೀರು ಆ ಅಂಚಿಗೆ ಇಳಿಯುತ್ತಿದ್ದರೆ ಅದನ್ನು ಮಾತ್ರ ಈ ವಾರವೇ ಬದಲಿಸಿ. ಕಂದು ಚುಕ್ಕಿ ಕಂಡರೆ ಬಾಗಿಲ ಒಳಗಿನ ರಟ್ಟು ಬಿಚ್ಚಿ ಒಳಗಡೆಯಿಂದಲೂ ನೋಡಿ, ತುಕ್ಕು ಒಳಗಿಂದ ಬರುತ್ತಿದ್ದರೆ ಮೇಲಿನ ವ್ಯಾಕ್ಸ್ ಅದನ್ನು ತಡೆಯುವುದಿಲ್ಲ.